ಡಿಸ್ನಿ ವರ್ಲ್ಡ್‌ಗೆ ಎಷ್ಟು ದಿನ ಬೇಕು: ಅಪ್ಪನ ಪ್ರಶ್ನೆ, ಅಮ್ಮನ ಮಂಡಿ

"ವಂಡರ್‌ಲಾಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದಿದ್ವಲ್ಲೇ, ಇದಕ್ಯಾಕೆ ಐದು ದಿನ?"

ಅಪ್ಪ ಈ ಪ್ರಶ್ನೆ ಕೇಳಿದ್ದು ಅಟ್ಲಾಂಟಾದ ನಮ್ಮನೆಗೆ ಬಂದಿಳಿದ ಎರಡನೇ ದಿನ, ಜೆಟ್‌ಲ್ಯಾಗಲ್ಲಿ ನಿದ್ದೆ ಬರ್ದೆ ಬೆಳಗಿನ ಜಾವ ಮೂರೂವರೆಗೆ ಎದ್ದು ಕಾಫಿ ಕುಡೀತಾ ಕೂತಿದ್ದಾಗ. ನಾನು ತುಟಿ ಬಿಚ್ಚಲಿಲ್ಲ, ಯಾಕಂದ್ರೆ ಅದೇ ವಿಷಯಕ್ಕೆ ನಾನೂ ನಮ್ಮನೆಯವ್ರೂ ಫೆಬ್ರವರಿಯಿಂದ ಜಗಳ ಆಡ್ತಾನೇ ಇದ್ವಿ.

ಇದೆಲ್ಲ 2025ರ ಕಥೆ. ಈಗ್ಯಾಕೆ ಬರೀತಿದೀನಿ ಅಂದ್ರೆ ಮೊನ್ನೆ ಡಲ್ಲಾಸಲ್ಲಿರೋ ಫ್ರೆಂಡ್ ಒಬ್ಳು "ಅತ್ತೆ ಮಾವ ಬರ್ತಿದಾರೆ ಕಣೆ, ಡಿಸ್ನಿಗೆ ಎಷ್ಟು ದಿನ ಹಾಕ್ಲಿ?" ಅಂತ ವಾಯ್ಸ್ ನೋಟ್ ಕಳ್ಸಿದ್ಲು, ಉತ್ತರ ಹೇಳೋಕೆ ಹೋಗಿ ನಾನು ಹನ್ನೊಂದು ನಿಮಿಷ ಮಾತಾಡಿದೀನಿ, ಅಷ್ಟನ್ನೂ ಅವ್ಳು ಕೇಳಿಲ್ಲ ಅನ್ನೋದು ಗ್ಯಾರಂಟಿ. ಬರೆದಿಟ್ರೆ ಬೇಕಾದಾಗ ಓದ್ಕೊಳ್ಲಿ ಅಂತ.

ನಾವು ಆರು ಜನ. ನಾನು, ಇವ್ರು, ಆರು ವರ್ಷದ ಮಗಳು, ಮೂರು ತುಂಬೋಕೆ ಎರಡು ವಾರ ಇದ್ದ ಮಗ, ಎಪ್ಪತ್ತು ದಾಟಿದ ಅಪ್ಪ, ಮಂಡಿ ನೋವಿನ ಅಮ್ಮ. ಅಪ್ಪ ಅಮ್ಮ ಸಾಗರದ ಹತ್ರ ಹಳ್ಳಿಯೋರು, ಅಡಿಕೆ ತೋಟ. ವಂಡರ್‌ಲಾಗೆ ಅವ್ರು ಹೋಗಿದ್ದು ಒಂದೇ ಸಲ, ಬಿಡದಿ ಹತ್ರದ್ದು, ನನ್ನ ತಮ್ಮ ಕರ್ಕೊಂಡು ಹೋಗಿದ್ದ. ಅಪ್ಪ ಯಾವ ಆಟಾನೂ ಆಡ್ದೆ ಮರದ ನೆರಳಲ್ಲಿ ಕೂತು ಎಲ್ಲರ ಚಪ್ಪಲಿ ಕಾಯ್ಕೊಂಡು ಬಂದವ್ರು. ಅವ್ರ ತಲೇಲಿ ಪಾರ್ಕ್ ಅಂದ್ರೆ ಅದು, ಹಾಗಾಗಿ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಅಪ್ಪಂಗೆ ಅರ್ಥ ಆಗೋದು ಎಕರೆ ಲೆಕ್ಕ, ಅದಕ್ಕೇ ಅದರಲ್ಲೇ ಹೇಳ್ದೆ. ಬೆಂಗಳೂರಿನ ವಂಡರ್‌ಲಾ 82 ಎಕರೆ. ಡಿಸ್ನಿ ವರ್ಲ್ಡ್ ಸುಮಾರು 25,000 ಎಕರೆ. ಅಂದ್ರೆ ಮುನ್ನೂರು ವಂಡರ್‌ಲಾ ಹಿಡಿಸೋ ಜಾಗ. ಅಪ್ಪ ಕಾಫಿ ಲೋಟ ಕೆಳಗಿಟ್ರು. "ಅಷ್ಟು ಜಾಗ ಯಾರು ಬಿಟ್ಕೊಟ್ರು?" ಅಂದ್ರು. ಅಲ್ಲಿಂದ ಮುಂದೆ ಅರ್ಧ ಗಂಟೆ ಜಮೀನಿನ ಕಥೆನೇ ಆಯ್ತು. ಅರವತ್ತರ ದಶಕದಲ್ಲಿ ವಾಲ್ಟ್ ಡಿಸ್ನಿ ತನ್ನ ಹೆಸರು ಹೇಳ್ದೇನೇ ಬೇರೆಬೇರೆ ಕಂಪನಿ ಹೆಸರಲ್ಲಿ ಫ್ಲೋರಿಡಾದ ಜೌಗು ಭೂಮಿನ ತುಂಡುತುಂಡಾಗಿ ಕೊಂಡಿದ್ದು, 1965ರಲ್ಲಿ ಪೇಪರ್‌ನೋರು ಗುಟ್ಟು ರಟ್ಟು ಮಾಡಿದ್ಮೇಲೆ ರೇಟ್ ಏರಿದ್ದು, 1966ರಲ್ಲಿ ವಾಲ್ಟ್ ತೀರ್ಕೊಂಡಿದ್ದು, ಅಣ್ಣ ರಾಯ್ ನಿಂತು ಕೆಲ್ಸ ಮುಗಿಸಿ 1971ರ ಅಕ್ಟೋಬರ್ 1ಕ್ಕೆ ಬಾಗಿಲು ತೆಗೆದು ಆ ಡಿಸೆಂಬರಲ್ಲೇ ಅವ್ರೂ ಹೋಗಿದ್ದು. "ಓಹೋ, ಬೇನಾಮಿ" ಅಂದ್ರು ಅಪ್ಪ, ಬಹಳ ಖುಷಿಯಾಗಿ. ಐದು ದಿನ ಯಾಕೆ ಅನ್ನೋದು ಮಾತ್ರ ಹಾಗೇ ಉಳೀತು, ಯಾಕಂದ್ರೆ ಜಾಗ ದೊಡ್ಡದಿದೆ ಅಂದ್ಮಾತ್ರಕ್ಕೆ ಅಷ್ಟೂ ನಡೀಬೇಕು ಅಂತೇನಿಲ್ವಲ್ಲ.

ಇವ್ರ ಪ್ಲಾನ್ ಬೇರೆ ಥರ. ಎಕ್ಸೆಲ್ ಶೀಟು, ಬಣ್ಣ ಬಣ್ಣದ್ದು. ಡಿಸ್ನಿಯಲ್ಲಿ ನಾಲ್ಕು ಪಾರ್ಕು: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ನಾಲ್ಕಕ್ಕೆ ನಾಲ್ಕು ದಿನ. ಅಷ್ಟು ದೂರ ಹೋಗಿ ಅದೇ ಊರಲ್ಲಿರೋ ಇನ್ನೊಂದು ಕಂಪನಿಯ ಯೂನಿವರ್ಸಲ್ ಪಾರ್ಕ್ ಬಿಡೋಕಾಗುತ್ತಾ, ಅದಕ್ಕೆರಡು ದಿನ, ಅದ್ರಲ್ಲೂ ಎಪಿಕ್ ಯೂನಿವರ್ಸ್ ಅಂತ ಹೊಸ ಪಾರ್ಕ್ ಮೇ 22ಕ್ಕೆ ತಾನೇ ಓಪನ್ ಆಗಿತ್ತು, ನಾವು ಹೋಗೋದು ಅದಾಗಿ ಎರಡೇ ವಾರಕ್ಕೆ, ಗೃಹಪ್ರವೇಶದ ಮನೆಗೆ ಊರೆಲ್ಲ ನುಗ್ಗೋ ಟೈಮಲ್ಲಿ. ಒಟ್ಟು ಆರು ದಿನ ಆರು ಪಾರ್ಕು, ಒಂದು ಸಾಲೂ ಖಾಲಿ ಇಲ್ಲ. ನಾನು ಕೇಳಿದ್ದಿಷ್ಟೇ, "ಇದ್ರಲ್ಲಿ ನಮ್ಮಮ್ಮ ಎಲ್ಲಿ ಕೂತ್ಕೋತಾಳೆ?" ಅದಕ್ಕೆ ಕಾಲಂ ಇರ್ಲಿಲ್ಲ.

ಇಲ್ಲಿ ಟಿಕೆಟಿನ ವಿಷಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ದಿನದ ಲೆಕ್ಕ ಹಾಳಾಗೋದೇ ಅಲ್ಲಿ. 2025ರಲ್ಲಿ ಒಂದು ದಿನದ ಟಿಕೆಟ್ ತಗೊಂಡ್ರೆ ತಾರೀಖು ಮತ್ತೆ ಪಾರ್ಕ್ ನೋಡ್ಕೊಂಡು 120 ಡಾಲರ್ ಹತ್ರದಿಂದ ಶುರುವಾಗಿ ಕ್ರಿಸ್‌ಮಸ್ ವಾರಕ್ಕೆಲ್ಲ 200ರ ಹತ್ರ ಹೋಗ್ತಿತ್ತು. ಆದ್ರೆ ದಿನ ಜಾಸ್ತಿ ಮಾಡ್ತಾ ಹೋದ ಹಾಗೆ ಒಂದೊಂದು ದಿನಕ್ಕೆ ಬೀಳೋ ರೇಟ್ ಇಳೀತಾ ಹೋಗುತ್ತೆ, ನಾಲ್ಕನೇ ದಿನ ಐದನೇ ದಿನ ಸೇರಿಸೋಕೆ ಮೊದಲನೇ ದಿನದಷ್ಟು ದುಡ್ಡು ಬೇಡ. ಬಟ್ಟೆ ಅಂಗಡಿಯಲ್ಲಿ ಎರಡು ತಗೊಂಡ್ರೆ ಮೂರನೇದು ಫ್ರೀ ಅಂದಾಗ ನಮಗೆ ಆಗತ್ತಲ್ಲ, ಅದೇ. ಬೇಡದೇ ಇರೋ ಸೀರೆ ಬ್ಯಾಗಿಗೆ ಬಂದಿರುತ್ತೆ. ಟಿಕೆಟ್ ಅಗ್ಗ ಆಯ್ತು ಸರಿ, ಆದ್ರೆ ಆ ಒಂದು ಎಕ್ಸ್‌ಟ್ರಾ ದಿನಕ್ಕೆ ಮನೆ ಬಾಡಿಗೆ ಇದೆ, ಕಾರ್ ಪಾರ್ಕಿಂಗ್ ಇದೆ (ಆಗ 30 ಡಾಲರ್), ಊಟ ಇದೆ, ಆಫೀಸಿನ ಒಂದು ರಜೆ ಇದೆ, ಎಲ್ಲಕ್ಕಿಂತ ಮೇಲೆ ಆರು ಜನರ ಹನ್ನೆರಡು ಕಾಲಿದೆ. ಕಾಲಿಗೆ ಡಿಸ್ಕೌಂಟ್ ಸಿಗಲ್ಲ ಮಾರಾಯ್ರೆ, ನಾಲ್ಕನೇ ದಿನಕ್ಕೆ ಅದರ ರೇಟ್ ಏರಿರುತ್ತೆ.

ಇನ್ನೊಂದು, ನಾಲ್ಕು ದಿನದ ಟಿಕೆಟ್ ಅಂದ್ರೆ ನಾಲ್ಕು ದಿನ ಸತತವಾಗೇ ಹೋಗ್ಬೇಕು ಅಂತಿಲ್ಲ, ಏಳು ದಿನದೊಳಗೆ ಯಾವ ನಾಲ್ಕು ದಿನ ಆದ್ರೂ ಆಗುತ್ತೆ. ಮೂರು ದಿನದ್ದಾದ್ರೆ ಐದು ದಿನದೊಳಗೆ. ಇದು ಗೊತ್ತಾದ್ಮೇಲೇನೇ ನಮ್ಮಿಬ್ರ ಜಗಳ ಸ್ವಲ್ಪ ತಣ್ಣಗಾಗಿದ್ದು, ಮಧ್ಯದಲ್ಲೊಂದು ಖಾಲಿ ದಿನ ಇಡ್ಬಹುದು ಅಂತ.

ಮಕ್ಕಳದ್ದು ವಯಸ್ಸಿನ ಲೆಕ್ಕ, ಇಂಚಿನ ಲೆಕ್ಕ ಎರಡೂ ಇದೆ. ಮೂರು ವರ್ಷ ತುಂಬದೇ ಇರೋ ಮಕ್ಕಳಿಗೆ ಟಿಕೆಟ್ಟೇ ಇಲ್ಲ, ಹತ್ತು ತುಂಬಿದ್ರೆ ದೊಡ್ಡೋರ ಟಿಕೆಟ್. ಮಗಂಗೆ ಜೂನ್ 20ಕ್ಕೆ ಮೂರು, ಹಾಗಾಗಿ ಜೂನ್ ಮೊದಲ ವಾರ ಅಂತ ಫಿಕ್ಸ್ ಮಾಡಿದ್ದು ನಾನೇ, ಜಿಪುಣಿ ಅಂದ್ರೂ ಪರವಾಗಿಲ್ಲ. ಮಗಳ ಎತ್ತರ 43 ಇಂಚು. ಸ್ಪೇಸ್ ಮೌಂಟನ್‌ಗೆ 44 ಬೇಕು, ಎಕ್ಸ್‌ಪೆಡಿಷನ್ ಎವರೆಸ್ಟ್‌ಗೆ 44, ಅವತಾರ್ ಸಿನಿಮಾದ ಫ್ಲೈಟ್ ಆಫ್ ಪ್ಯಾಸೇಜ್‌ಗೂ 44. ಒಂದೇ ಒಂದು ಇಂಚು. ಇವ್ರು ದಪ್ಪ ಸೋಲಿನ ಶೂ ಹಾಕ್ಸೋಣ್ವಾ ಅಂದ್ರು, ನಾನು ದುರುಗುಟ್ಟಿ ನೋಡ್ದೆ. ನೀವು ದಿನ ಎಷ್ಟು ಅಂತ ನಿರ್ಧರಿಸೋ ಮುಂಚೆ ಮಕ್ಕಳನ್ನ ಗೋಡೆಗೆ ನಿಲ್ಸಿ ಅಳೀರಿ, ದೊಡ್ಡ ದೊಡ್ಡ ರೈಡೆಲ್ಲ ಲಿಸ್ಟಿಂದ ಬಿದ್ದು ಹೋದ್ರೆ ಅರ್ಧ ದಿನ ತಾನಾಗೇ ಉಳಿಯುತ್ತೆ.

ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಯೂನಿವರ್ಸಲ್ ಪೂರ್ತಿ ಕಟ್. ಭಾನುವಾರ ಡ್ರೈವ್, ಸೋಮವಾರ ಮ್ಯಾಜಿಕ್ ಕಿಂಗ್‌ಡಮ್, ಮಂಗಳವಾರ ಅನಿಮಲ್ ಕಿಂಗ್‌ಡಮ್, ಬುಧವಾರ ಏನೂ ಇಲ್ಲ, ಗುರುವಾರ ಎಪ್ಕಾಟ್, ಶುಕ್ರವಾರ ಹಾಲಿವುಡ್ ಸ್ಟುಡಿಯೋಸ್, ಶನಿವಾರ ವಾಪಸ್. ನಾನು ಮೂರು ದಿನದ ಟಿಕೆಟ್ ಸಾಕು ಅಂತಿದ್ದೆ, ಇವ್ರು "ನಾಲ್ಕನೇದಕ್ಕೆ ಇಷ್ಟೇ ಜಾಸ್ತಿ ನೋಡು" ಅಂತ ಸ್ಕ್ರೀನ್ ತೋರಿಸಿದ್ರು, ನಾನೂ ಬಿದ್ದೆ. ಉಳ್ಕೊಳ್ಳೋಕೆ ಡಿಸ್ನಿ ಹತ್ರದ ಕಿಸ್ಸಿಮಿ ಊರಲ್ಲಿ ಅಡುಗೆಮನೆ ಇರೋ ಬಾಡಿಗೆ ಮನೆ. ಡಿಸ್ನಿ ಹೋಟೆಲಲ್ಲಿದ್ರೆ ಪಾರ್ಕಿಗೆ ಅರ್ಧ ಗಂಟೆ ಮುಂಚೆ ಬಿಡ್ತಾರೆ, ಪಾರ್ಕಿಂಗ್ ದುಡ್ಡಿಲ್ಲ, ಆದ್ರೆ ಅಲ್ಲಿ ಅಮ್ಮಂಗೆ ಕುಕ್ಕರ್ ಕೂಗ್ಸೋಕಾಗಲ್ಲ.

ಅಟ್ಲಾಂಟಾದಿಂದ ಒರ್ಲ್ಯಾಂಡೋ ಗೂಗಲ್ ಪ್ರಕಾರ ಏಳು ಗಂಟೆ, ಮಗನ ಪ್ರಕಾರ ಹತ್ತು.

ಸೋಮವಾರ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರ್ ನಿಲ್ಸಿದ ತಕ್ಷಣ ಪಾರ್ಕ್ ಬಂತು ಅಂದ್ಕೋಬೇಡಿ. ಕಾರ್ ನಿಲ್ಸೋ ಜಾಗಕ್ಕೂ ಪಾರ್ಕಿಗೂ ಮಧ್ಯ ದೊಡ್ಡ ಕೆರೆ ಇದೆ, ಮೋನೋರೈಲಲ್ಲಿ ಇಲ್ಲಾ ಫೆರ್ರಿಯಲ್ಲಿ ದಾಟ್ಬೇಕು. ಕಾರ್ ಬಾಗಿಲು ಹಾಕಿದ್ದಕ್ಕೂ ಗೇಟಲ್ಲಿ ಟಿಕೆಟ್ ತೋರಿಸಿದ್ದಕ್ಕೂ ಮಧ್ಯ ನಮಗೆ ಐವತ್ತು ನಿಮಿಷ ಹೋಯ್ತು, ಸಂಜೆ ಬರ್ತಾ ಮತ್ತೆ ಅಷ್ಟೇ. ಅಪ್ಪಂಗೆ ಮಾತ್ರ ಆ ಫೆರ್ರಿ ಬಹಳ ಹಿಡಿಸ್ತು, ಸಿಗಂದೂರು ಲಾಂಚ್ ಥರಾನೇ ಇದೆ ಅಂತ, "ಇದ್ರಲ್ಲಿ ಬಸ್ಸು ಹತ್ತಲ್ವಾ?" ಅಂತ ಕೇಳಿದ್ರು.

ಗೇಟಲ್ಲಿ ಅಮ್ಮಂಗೆ ವೀಲ್‌ಚೇರ್ ಬಾಡಿಗೆಗೆ ತಗೊಳ್ಳೋಣ ಅಂದ್ರೆ "ನಾನೇನು ಕಾಯಿಲೆಯೋಳಾ" ಅಂತ ಸಿಟ್ಟು ಮಾಡ್ಕೊಂಡ್ಲು, ಹನ್ನೊಂದೂವರೆಗೆ ತಾನೇ ಬಂದು "ಆ ಗಾಡಿ ಇನ್ನೂ ಸಿಗುತ್ತಾ" ಅಂದ್ಲು. ಆ ದಿನ ನನ್ನ ಫೋನಲ್ಲಿ ಇಪ್ಪತ್ಮೂರು ಸಾವಿರ ಹೆಜ್ಜೆ. ಮಧ್ಯಾಹ್ನ ಎರಡಕ್ಕೆ ಮಗ ಸ್ಟ್ರಾಲರಲ್ಲಿ ನಿದ್ದೆ, ಅಪ್ಪ ಅಮ್ಮ ಕ್ಯಾರೌಸೆಲ್ ಆಫ್ ಪ್ರೋಗ್ರೆಸ್ ಅನ್ನೋ ಥಿಯೇಟರಲ್ಲಿ. ಅದು 1964ರ ನ್ಯೂಯಾರ್ಕ್ ವರ್ಲ್ಡ್ ಫೇರಿಗೆ ಅಂತ ಮಾಡಿದ್ದು, ನಾವು ಕೂತಿರ್ತೀವಿ, ನಮ್ಮ ಸೀಟ್‌ಗಳೇ ಸ್ಟೇಜ್ ಸುತ್ತ ನಿಧಾನ ತಿರುಗುತ್ತೆ. ಇಪ್ಪತ್ತು ನಿಮಿಷ ಎಸಿ. ಇಬ್ರೂ ಎರಡು ಸಲ ನೋಡಿದ್ರು, ಎರಡನೇ ಸಲ ಅಪ್ಪ ಗೊರಕೆ ಹೊಡೆದ್ರು ಅಂತ ಅಮ್ಮನ ವರದಿ.

ರಾತ್ರಿ ಕೋಟೆ ಮೇಲೆ ಪಟಾಕಿ ನೋಡ್ದೇ ಬರೋ ಹಾಗಿಲ್ಲ, ಆದ್ರೆ ಜೂನಲ್ಲಿ ಅಲ್ಲಿ ಕತ್ತಲಾಗೋದೇ ಎಂಟೂವರೆ ಮೇಲೆ. ಅಂದ್ರೆ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಹನ್ನೆರಡಕ್ಕೆ ವಾಪಸ್. ಒಂದು ದಿನ ಅಂತ ಶೀಟಲ್ಲಿ ಒಂದೇ ಸಾಲು ಇತ್ತು, ನಿಜವಾಗ್ಲೂ ಅದು ಒಂದೂವರೆ ದಿನ, ಆ ಅರ್ಧ ದಿನ ಮಾರನೇ ದಿನದಿಂದ ಕಡ ತಗೊಂಡಿದ್ದು.

ಮಂಗಳವಾರ ಅನಿಮಲ್ ಕಿಂಗ್‌ಡಮ್. ಇದು ಅರ್ಧ ದಿನದ ಪಾರ್ಕ್ ಅಂತ ಸುಮಾರು ಜನ ಹೇಳ್ತಾರೆ, ನಮಗಂತೂ ಹಾಗೇ ಆಯ್ತು. ಸಫಾರಿಗೆ ಬೆಳಿಗ್ಗೆನೇ ಹೋಗ್ಬೇಕು, ಬಿಸಿಲೇರಿದ್ರೆ ಪ್ರಾಣಿಗಳೆಲ್ಲ ನೆರಳು ಹುಡ್ಕೊಂಡು ಹೋಗಿರ್ತವೆ. ತೆರೆದ ಲಾರಿ ಥರದ ಗಾಡಿಯಲ್ಲಿ ಇಪ್ಪತ್ತು ನಿಮಿಷ, ಜಿರಾಫೆ ರಸ್ತೆಗೇ ಬಂದು ನಿಂತಿತ್ತು, ಮಗ ಕಿರುಚಾಡಿದ. ಆನೆ ಬಂದಾಗ ಅಪ್ಪ ತಲೇನೂ ಎತ್ತಲಿಲ್ಲ. "ಸಕ್ಕರೆಬೈಲಿಗೆ ಹೋದ್ರೆ ಪಕ್ಕದಲ್ಲೇ ನಿಂತು ಮೈ ತೊಳೀಬಹುದು." ಸಕ್ಕರೆಬೈಲು ಶಿವಮೊಗ್ಗ ಹತ್ರದ ಆನೆ ಬಿಡಾರ. ಹುಲಿ ಬಂದಾಗ ಆ ಕಡೆಯದೇ ಹುಲಿ-ಸಿಂಹಧಾಮ ತ್ಯಾವರೆಕೊಪ್ಪ. ಮುಂದಿನ ಸೀಟಿನ ಅಮೆರಿಕನ್ ಅಜ್ಜಿ ಒಬ್ರು ಇದೇನು ಹೇಳ್ತಿದಾರೆ ಅಂತ ತಿರುಗಿ ನಕ್ರು, ಅಪ್ಪ ಅವ್ರಿಗೂ ಸಕ್ಕರೆಬೈಲು ಅಂದ್ರು. (ಹುಲಿ ಸಫಾರಿಯಲ್ಲಿ ಅಲ್ಲ, ಆಮೇಲೆ ನಡೆದು ಹೋಗೋ ದಾರಿಯಲ್ಲಿ ಸಿಗೋದು, ನಾನು ಎರಡನ್ನೂ ಸೇರಿಸಿ ಹೇಳ್ದೆ.)

ಆ ಹುಲಿ ಇರೋ ಜಾಗಕ್ಕೆ ಹೋಗ್ತಾ ಆಗಿದ್ದು ನೋಡಿ. ಪಾರ್ಕಲ್ಲಿ ಏಷ್ಯಾ ಅಂತ ಒಂದು ಭಾಗ ಇದೆ. ಹಳೇ ಅರಮನೆ ಪಾಳು ಬಿದ್ದ ಹಾಗೆ ಗೋಡೆ, ಬಣ್ಣ ಮಾಸಿದ ಅಂಗಡಿ ಬೋರ್ಡು, ನೇಪಾಳದ ಕಡೆ ಕಟ್ಟೋ ಥರದ ಪ್ರಾರ್ಥನೆ ಬಾವುಟ, ಸೈಕಲ್ಲು, ಎಲ್ಲ ಕಟ್ಟಿ ಹಳೇದು ಮಾಡಿರೋದು. ಈ ಊರಿಗೆ ಅವ್ರು ಒಂದು ಕಾಲ್ಪನಿಕ ಹೆಸರಿಟ್ಟಿದಾರೆ. ಅಪ್ಪ ಒಂದು ಬೋರ್ಡಿನ ಮುಂದೆ ನಿಂತೇಬಿಟ್ರು. ಕನ್ನಡಕ ತೆಗೆದು ಒರೆಸಿ ಹಾಕ್ಕೊಂಡು ಒಂದೊಂದೇ ಅಕ್ಷರ ಓದಿದ್ರು. "ಆ... ನಂ... ದ... ಪುರ್." ಆಮೇಲೆ ಅಮ್ಮನ್ನ ಕೂಗಿದ್ರು. "ಏ ಇಲ್ಲಿ ಬಾರೇ, ನಮ್ ಆನಂದಪುರ!"

ಗೊತ್ತಿಲ್ದೋರಿಗೆ: ಶಿವಮೊಗ್ಗದಿಂದ ಸಾಗರಕ್ಕೆ ಹೋಗೋ ದಾರಿಯಲ್ಲಿ ಆನಂದಪುರ ಸಿಗುತ್ತೆ, ಸಾಗರ ತಾಲೂಕೇ, ತಾಳಗುಪ್ಪ ರೈಲು ನಿಲ್ಲುತ್ತೆ, ಚಂಪಕ ಸರಸು ಕೊಳ ಇರೋದು ಅಲ್ಲೇ. ಅಪ್ಪ ಚಿಕ್ಕೋರಿದ್ದಾಗ ಸೋದರತ್ತೆ ಮನೆ ಅಂತ ರಜಕ್ಕೆ ಹೋಗ್ತಿದ್ದ ಊರು. ಡಿಸ್ನಿಯವ್ರಿಗೆ ಆ ಆನಂದಪುರ ಗೊತ್ತಿರೋಕೆ ಸಾಧ್ಯವೇ ಇಲ್ಲ, ಆನಂದದ ಊರು ಅಂತ ಇಟ್ಟಿರ್ತಾರೆ ಅಷ್ಟೇ, ಅದು ಅಪ್ಪಂಗೂ ಗೊತ್ತು. ಆದ್ರೂ ಅಲ್ಲಿಂದ ಮುಕ್ಕಾಲು ಗಂಟೆ ಅಲ್ಲಾಡ್ಲಿಲ್ಲ. ಪ್ರತಿ ಬೋರ್ಡಿನ ಮುಂದೂ ಫೋಟೋ, ಆ ಫೋಟೋ ಊರಿನ ಗ್ರೂಪಿಗೆ, ಅಲ್ಲಿ ಆಗ ರಾತ್ರಿ ಒಂಬತ್ತು ಗಂಟೆ, ಊಟ ಮುಗ್ಸಿ ಕೂತಿದ್ದ ಚಿಕ್ಕಪ್ಪ ವಿಡಿಯೋ ಕಾಲ್ ಮಾಡಿ "ಬಸ್ ಸ್ಟ್ಯಾಂಡ್ ತೋರ್ಸು" ಅಂದ್ರು. ಪಕ್ಕದಲ್ಲೇ ಕಾಳಿ ರಿವರ್ ರ‍್ಯಾಪಿಡ್ಸ್ ಅಂತ ನೀರಿನ ರೈಡು, ಆ ಹೆಸರಿಗೇ ಅಮ್ಮ ಕೈ ಮುಗಿದು, "ಆ ತಾಯಿ ಹೆಸರಿಟ್ಟು ಚಪ್ಪಲಿ ಹಾಕ್ಕೊಂಡು ಹತ್ತಿಸ್ತಾರಲ್ಲೇ" ಅಂದ್ಲು. ಇವ್ರು ಆ ಕಡೆ ವಾಚ್ ನೋಡ್ತಾ, ಶೀಟ್ ಪ್ರಕಾರ ಹನ್ನೊಂದೂಕಾಲಿಗೆ ನಾವು ಪಂಡೋರಾದಲ್ಲಿ (ಪಾರ್ಕಿನ ಅವತಾರ್ ಭಾಗ) ಇರ್ಬೇಕಿತ್ತು. ಕೊನೆಗೆ ಇವ್ರೇ "ಮಾವ, ಈ ಕಡೆ ಬನ್ನಿ, ಈ ಬೋರ್ಡ್ ಚೆನ್ನಾಗಿ ಬರುತ್ತೆ" ಅಂತ ಫೋಟೋ ತೆಗೆಯೋಕೆ ನಿಂತ್ರು. ಶೀಟ್ ಅಲ್ಲಿಗೆ ಮುಗೀತು.

ಮಧ್ಯಾಹ್ನ ಎರಡೂವರೆಗೆ ಆಕಾಶ ಕಪ್ಪಾಯ್ತು. ಫ್ಲೋರಿಡಾದ ಮಳೆ ನಮ್ಮ ಮಲೆನಾಡಿನ ಥರ ಹಿಡಿದಿದ್ದೇ ಹಿಡಿದಿದ್ದು ಅಲ್ಲ. ಎರಡು ಕಡೆ ಸಮುದ್ರ, ಎರಡೂ ಕಡೆಯಿಂದ ಬರೋ ಗಾಳಿ ಮಧ್ಯದಲ್ಲಿ ಡಿಕ್ಕಿ ಹೊಡೆದು ಮಧ್ಯಾಹ್ನ ಗುಡುಗು ಮಳೆ, ಬೇಸಿಗೆಯಲ್ಲಿ ಹೆಚ್ಚುಕಮ್ಮಿ ದಿನಾ ಇದೇ. ಸಿಡಿಲು ಹತ್ರ ಬಂತು ಅಂದ್ರೆ ಹೊರಗಿನ ರೈಡ್ ಎಲ್ಲ ನಿಲ್ಲಿಸ್ತಾರೆ. ಜೂನಿಂದ ಸೆಪ್ಟೆಂಬರ್ ಒಳಗೆ ಹೋಗೋರು ಒಂದು ದಿನ ಅಂದ್ರೆ ಬೆಳಿಗ್ಗೆ ಒಂಬತ್ತರಿಂದ ಎರಡು ಅಂತ ಇಟ್ಕೊಳ್ಳಿ, ಸಂಜೆ ಸಿಕ್ಕಿದ್ದು ಲಾಭ. ನಾವು ಡಬ್ಬಿಯ ಪುಳಿಯೋಗರೆ ತಿಂದು (ಹೊರಗಿನ ಊಟ ಬಿಡ್ತಾರೆ, ಗಾಜಿನ ಡಬ್ಬಿ ಆಗಲ್ಲ ಅಷ್ಟೇ) ಮನೆಗೆ ಬಂದ್ವಿ.

ಬುಧವಾರ ಏನೂ ಮಾಡ್ಲಿಲ್ಲ. ಇಡೀ ಟ್ರಿಪ್ಪಲ್ಲಿ ಮಕ್ಕಳು ಈಗಲೂ ನೆನೆಸ್ಕೊಳ್ಳೋದು ಆ ಮನೆ ಹಿಂದಿನ ಪುಟ್ಟ ಈಜುಕೊಳ, ಹೇಳೋಕೆ ನಾಚಿಕೆ ಆಗುತ್ತೆ, ಅಷ್ಟು ದುಡ್ಡು ಸುರಿದು. ಅಮ್ಮ ಕಾಲಿಗೆ ಎಣ್ಣೆ ತಿಕ್ಕೊಂಡು ಮಲಗಿದ್ಲು, ಅನ್ನ ಸಾರು ಹಪ್ಪಳ ಆಯ್ತು.

ಗುರುವಾರ ಎಪ್ಕಾಟ್. ಇಲ್ಲಿ ಒಂದು ಕೆರೆ ಸುತ್ತ ಹನ್ನೊಂದು ದೇಶದ ಪೆವಿಲಿಯನ್ ಇದೆ, ಸುತ್ತು ಹಾಕಿದ್ರೆ ಸುಮಾರು ಎರಡು ಕಿಲೋಮೀಟರ್, ಆ ಭಾಗ ತೆಗೆಯೋದೇ ಹನ್ನೊಂದು ಗಂಟೆಗೆ, ಸರಿಯಾಗಿ ಬಿಸಿಲಿನ ಹೊತ್ತಿಗೆ. ಮೆಕ್ಸಿಕೋ, ನಾರ್ವೆ, ಚೀನಾ, ಜರ್ಮನಿ... ಅಮ್ಮ ವೀಲ್‌ಚೇರಲ್ಲಿ ಕೂತು "ನಮ್ ದೇಶ ಯಾವಾಗ ಬರುತ್ತೆ" ಅಂತ ಕೇಳ್ತಾನೇ ಇದ್ಲು. ಬರಲ್ಲ. 1982ರಲ್ಲಿ ಶುರುವಾಗಿದ್ದು, 1988ರಲ್ಲಿ ನಾರ್ವೆ ಸೇರಿಸಿದ್ದೇ ಕೊನೆ. ಅಮ್ಮಂಗೆ ಇವತ್ತಿಗೂ ಅದು ಬೇಜಾರಿದೆ.

ಅಪ್ಪಂಗೆ ಆವತ್ತು ಹಬ್ಬ. ಲಿವಿಂಗ್ ವಿತ್ ದ ಲ್ಯಾಂಡ್ ಅಂತ ಒಂದು ದೋಣಿ ರೈಡು, ಮಕ್ಕಳಿಗೆ ಬೋರು, ಆದ್ರೆ ದೋಣಿ ನಿಧಾನ ಹೋಗೋದು ನಿಜವಾದ ಗ್ರೀನ್‌ಹೌಸ್ ಒಳಗೆ. ಬಾಳೆ, ಪರಂಗಿ, ಹಲಸು, ಮಣ್ಣೇ ಇಲ್ದೆ ಗಾಳಿಯಲ್ಲಿ ಬೇರು ಬಿಟ್ಕೊಂಡು ನೇತಾಡೋ ಗಿಡ. ಹಿಂದೊಮ್ಮೆ ಅಲ್ಲಿ ಒಂದೇ ಟೊಮೇಟೊ ಗಿಡ ಒಂದು ವರ್ಷದಲ್ಲಿ 32 ಸಾವಿರ ಹಣ್ಣು ಬಿಟ್ಟು ಗಿನ್ನೆಸ್‌ಗೆ ಹೋಗಿತ್ತು. ಅದು ಸುಳ್ಳು ಅಂತ ಅಪ್ಪ ವಾದ ಮಾಡಿದ್ರು, ವಾದ ಗೆಲ್ಲೋಕೆ ಇನ್ನೊಂದ್ಸಲ ದೋಣಿ ಹತ್ತಿದ್ರು. ಮತ್ತೆ ಇನ್ನೊಂದ್ಸಲ. ಇವ್ರ ಶೀಟಲ್ಲಿ ಈ ರೈಡಿನ ಹೆಸರೇ ಇರ್ಲಿಲ್ಲ.

ಶುಕ್ರವಾರ ಹಾಲಿವುಡ್ ಸ್ಟುಡಿಯೋಸ್. ಬೆಳಿಗ್ಗೆ ಎದ್ದಾಗ ಅಮ್ಮ ಏಳ್ಲೇ ಇಲ್ಲ, ಅಪ್ಪ "ನೀವು ಹೋಗ್ಬನ್ನಿ" ಅಂದ್ರು, ಮಗಂಗೆ ಸ್ವಲ್ಪ ಮೈ ಬಿಸಿ. ಇವ್ರು ಮಗಳು ಇಬ್ರೇ ಹೋದ್ರು. ಸ್ಲಿಂಕಿ ಡಾಗ್‌ಗೆ 38 ಇಂಚು ಸಾಕು, ಮಗಳು ಅದನ್ನೇ ಎರಡು ಸಲ. ಮೂರು ದೊಡ್ಡೋರ ನಾಲ್ಕನೇ ದಿನ ಹೊಳೆಗೆ ಸುರಿದ ಹುಣಸೆಹಣ್ಣು. ಮಧ್ಯಾಹ್ನ ಮಗನ ಮೈ ತಣ್ಣಗಾದ್ಮೇಲೆ ನಾನು ಅಪ್ಪ ಅಮ್ಮನ್ನ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಲ್ಲಿರೋ ಸನಾ ಅನ್ನೋ ರೆಸ್ಟೋರೆಂಟಿಗೆ ಕರ್ಕೊಂಡು ಹೋದೆ, ಟೇಬಲ್ ಬುಕ್ ಆಗಿದ್ರೆ ಪಾರ್ಕ್ ಟಿಕೆಟ್ ಬೇಡ. ನಾನ್ ಬೇರೆಬೇರೆ ಚಟ್ನಿ ಜೊತೆ ಕೊಡ್ತಾರೆ, ಕಿಟಕಿ ಹೊರಗೆ ಜಿರಾಫೆ ಜೀಬ್ರಾ ಓಡಾಡ್ತಿರ್ತವೆ. ಅಮ್ಮ ಒಂದು ಚಟ್ನಿಗೆ ಮಾತ್ರ ಪಾಸ್ ಮಾರ್ಕ್ಸ್ ಕೊಟ್ಲು. ಕೂತಲ್ಲೇ ಕೂತು, ಎಸಿಯಲ್ಲಿ, ಪ್ರಾಣಿ ನೋಡ್ತಾ ಎರಡು ಗಂಟೆ. "ಮೊದಲ್ನೇ ದಿನಾನೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಆಗಿತ್ತಲ್ಲೇ" ಅಂದ್ಲು.

ಸರಿ, ಡಲ್ಲಾಸಿನ ಫ್ರೆಂಡಿಗೆ: ನಿನ್ನ ಅತ್ತೆ ಮಾವ ಬೆಳಿಗ್ಗೆ ವಾಕಿಂಗ್ ಎಷ್ಟು ಹೊತ್ತು ಮಾಡ್ತಾರೆ ಅಂತ ಮೊದಲು ಕೇಳು, ಪಾರ್ಕಿನ ಲೆಕ್ಕ ಆಮೇಲೆ. ಅರ್ಧ ಗಂಟೆಗಿಂತ ಕಮ್ಮಿ ಅಂದ್ರೆ ಅವ್ರಿಗೆ ಎರಡು ದಿನ, ಮ್ಯಾಜಿಕ್ ಕಿಂಗ್‌ಡಮ್ ಒಂದು ಎಪ್ಕಾಟ್ ಒಂದು, ಮಧ್ಯ ಒಂದಿನ ರೆಸ್ಟು, ನಿಮಗೂ ಮಕ್ಕಳಿಗೂ ಬೇಕಿದ್ರೆ ಮೂರು ನಾಲ್ಕು. ಎಲ್ಲರಿಗೂ ಒಂದೇ ಥರ ಟಿಕೆಟ್ ತಗೋಬೇಕು ಅಂತ ಯಾವ ರೂಲ್ಸೂ ಇಲ್ಲ, ಇದು ನಮಗೆ ಹೊಳೆದಿದ್ದು ವಾಪಸ್ ಬರ್ತಾ ಜಾರ್ಜಿಯಾ ಬಾರ್ಡರ್ ದಾಟಿದ್ಮೇಲೆ. ಡ್ರೈವ್ ದಿನಾನ ಪಾರ್ಕ್ ದಿನ ಅಂತ ಎಣಿಸ್ಬೇಡ. ಕ್ಯೂ ತಪ್ಪಿಸೋ ಲೈಟ್ನಿಂಗ್ ಲೇನ್‌ಗೆ ದುಡ್ಡು ಕೊಡೋದಾದ್ರೆ ಮ್ಯಾಜಿಕ್ ಕಿಂಗ್‌ಡಮ್ ದಿನ ಮಾತ್ರ ಕೊಡು. ಅಪ್ಪನ ಥರ ಮಾವ ಇದ್ರೆ ಆನಂದಪುರಕ್ಕೆ ಒಂದು ಗಂಟೆ ಎತ್ತಿಡು.

ಮಗಳನ್ನ ಮೊನ್ನೆ ಗೋಡೆಗೆ ನಿಲ್ಸಿ ಅಳೆದ್ವಿ, 46 ಇಂಚು. ಸ್ಪೇಸ್ ಮೌಂಟನ್ ಆಗುತ್ತೆ, ಎವರೆಸ್ಟ್ ಆಗುತ್ತೆ, ಟ್ರಾನ್ ರೈಡಿಗೆ 48 ಬೇಕು. ಇವ್ರು ಆಗ್ಲೇ ಹೊಸ ಶೀಟ್ ಓಪನ್ ಮಾಡಿದಾರೆ. ಇನ್ನೆರಡು ಇಂಚು ಬೆಳೀಲಿ ಆಮೇಲೆ ನೋಡೋಣ ಅಂದಿದೀನಿ ನಾನು.